ಅಟ್ಟದಲ್ಲಿದ್ದ ತೊಗಲು ಗೊಂಬೆಗಳನ್ನು ವಿಶ್ವವಿದ್ಯಾಲಯದವರು ಕೇಳ್ತಿದ್ದಾರೆ. ಕೊಡಬಹುದಾ?

ಪ್ರಶ್ನೆ ಕೇಳಿದವರು: ಲೆಕ್ಕದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಮಂಡ್ಯ ಕಡೆಯ ಹೈಸ್ಕೂಲ್ ಮೇಷ್ಟ್ರು. ಪಾಠ ಮಾಡೋದು ಗಣಿತ, ಕಲೆಯ ಗಂಧ ಇಲ್ಲ. ಊರಿನ ಹಳೇ ಮನೆ ಬಿಚ್ಚಿಸುವಾಗ ಅಟ್ಟದಿಂದ ಒಂದು ಬಿದಿರಿನ ಪೆಟ್ಟಿಗೆ ಇಳಿಸಿದೆವು. ಒಳಗೆ 40ಕ್ಕೂ ಜಾಸ್ತಿ ತೊಗಲು ಗೊಂಬೆಗಳು, ಒಂದರ ಮೇಲೊಂದು. ತಾತ ಊರಲ್ಲಿ ಬಡ್ಡಿಗೆ ದುಡ್ಡು ಕೊಡುತ್ತಿದ್ದರು. ಯಾವುದೋ ಬರಗಾಲದ ವರ್ಷ, ಪರದೆ ಹಿಂದೆ ಬೆಳಕಿಟ್ಟು ಈ ಗೊಂಬೆ ಆಡಿಸುವ ಗೊಂಬೆರಾಮರ ಮೇಳದವರು ಪೆಟ್ಟಿಗೆ ಒತ್ತೆ ಇಟ್ಟು, ರಾಗಿನೂ ದುಡ್ಡೂ ತಗೊಂಡು ಹೋದರಂತೆ. ಬಿಡಿಸಿಕೊಳ್ಳೋಕೆ ಬರಲೇ ಇಲ್ಲ ಅಂತ ಅಪ್ಪ ಹೇಳೋರು. ಯಾವ ಊರಿನ ಮೇಳ, ಯಜಮಾನನ ಹೆಸರೇನು, ಒಂದೂ ಬರೆದಿಟ್ಟಿಲ್ಲ. ಕೊಟ್ಟ ರಾಗಿ ಎಷ್ಟು ಸೇರು ಅನ್ನೋದು ಮಾತ್ರ ತಾತನ ಲೆಕ್ಕದ ಪುಸ್ತಕದಲ್ಲಿ ಚೆನ್ನಾಗಿ ಬರೆದಿದೆ!

ಗೊಂಬೆಗಳ ಸ್ಥಿತಿ ಹೇಳಿಬಿಡ್ತೀನಿ. ದೊಡ್ಡದು ರಾವಣನ ಒಡ್ಡೋಲಗ. ಒಂದೇ ತೊಗಲಲ್ಲಿ ರಾವಣ, ಸಿಂಹಾಸನ, ಪಕ್ಕದಲ್ಲಿ ಇಬ್ಬರು ಚಾಮರದವರು. ಕಿರೀಟದ ಅಂಚಿಗೆ ಸಾಸಿವೆ ಗಾತ್ರದ ತೂತುಗಳ ಸಾಲು. ಕಿಟಕಿಗೆ ಹಿಡಿದರೆ ಕೆಂಪು ಈಗಲೂ ಉರಿಯುತ್ತೆ, ಹಸಿರು ಮಾತ್ರ ಕಪ್ಪಾಗಿದೆ. ಬೆನ್ನಿಗೆ ಬೇರೆ ತೊಗಲಿನ ತೇಪೆ ಹಾಕಿ ಹೊಲಿದಿದ್ದಾರೆ. ಹನುಮಂತನಿಗಂತೂ ತೇಪೆಯ ಮೇಲೆ ತೇಪೆ. ಕೆಲವು ಗೊಂಬೆಗಳು ಸುರುಟಿಕೊಂಡು ಹಪ್ಪಳದ ಹಾಗಾಗಿವೆ, ಬಿಡಿಸೋಕೆ ಭಯ. ಕೊಬ್ಬರಿ ಎಣ್ಣೆ ಸವರು, ಮೆತ್ತಗಾಗುತ್ತೆ ಅಂತ ಅಮ್ಮ ದಿನಾ ಹೇಳ್ತಾರೆ.

ಈಗ ವಿಷಯ. ಒಂದು ವಿಶ್ವವಿದ್ಯಾಲಯದ ಪ್ರೊಫೆಸರ್ ಮನೆಗೆ ಬಂದಿದ್ದರು. ಒಳ್ಳೆಯವರು, ಗೊಂಬೆ ಮುಟ್ಟುವ ಮುಂಚೆ ಕೈ ತೊಳೆದುಕೊಂಡರು. ಅವರ ವಿಭಾಗದ ಸಂಗ್ರಹಕ್ಕೆ ದಾನ ಕೊಡಿ ಅಂತ ಕೇಳಿದರು. ಗೋಡೆಯ ಮೇಲೆ ಏನು ಬರೆಸುತ್ತಾರೆ ಅನ್ನೋದಕ್ಕೆ ಒಂದು ಮಾದರಿ ಚೀಟಿಯನ್ನೂ ತೋರಿಸಿದರು. ‘ರಾವಣ. ತೊಗಲು ಗೊಂಬೆ. ಮಂಡ್ಯ ಜಿಲ್ಲೆ. ಕಲಾವಿದ: ತಿಳಿದಿಲ್ಲ.’ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ದಾನಿ ಅಂತ ನಮ್ಮ ತಾತನ ಹೆಸರು. ಗೊಂಬೆ ಮಾಡಿದವನಿಗೆ ಹೆಸರಿಲ್ಲ, ಬಡ್ಡಿಗೆ ಇಟ್ಟುಕೊಂಡವರಿಗೆ ದಪ್ಪ ಅಕ್ಷರ. ನೋಡಿ ಮುಜುಗರ ಆಯ್ತು.

ಇನ್ನೊಂದು ಕಡೆ ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಫೋನ್ ಮಾಡಿದ್ದಾನೆ. ರಾವಣ ಒಂದನ್ನೇ ಕೊಟ್ಟರೂ ಸಾಕಂತೆ. ತಮ್ಮನಿಗೆ ಮಾರೋದೇ ಸರಿ ಅನಿಸಿದೆ. ನನ್ನ ಪ್ರಶ್ನೆ ಇಷ್ಟೇ: ವಿಶ್ವವಿದ್ಯಾಲಯಕ್ಕೆ ಕೊಟ್ಟರೆ ಗೊಂಬೆಗಳು ಚೆನ್ನಾಗಿರುತ್ತವಾ? ಮತ್ತೆ, ಒತ್ತೆ ಬಂದ ವಸ್ತುವನ್ನು ನಾನು ದಾನ ಅಂತ ಕೊಡಬಹುದಾ?

—

ಉತ್ತರ: ಪ್ಯಾಟೆ ಲಾಯರು

ಮೇಷ್ಟ್ರೇ, ಮೊದಲು ತಮ್ಮನನ್ನು ತಡೀರಿ. ಹಳೇ ತೊಗಲು ಗೊಂಬೆಗಳಲ್ಲಿ ಮೇಕೆ ಚರ್ಮದವೂ ಇರುತ್ತವೆ, ಜಿಂಕೆ ಚರ್ಮದವೂ ಇರುತ್ತವೆ. ಜಿಂಕೆಯದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ. ಮಾರೋದು ಹಾಗಿರಲಿ, ದಾನ ಕೊಡುವ ಮುಂಚೆಯೂ ಅರಣ್ಯ ಇಲಾಖೆಯನ್ನು ಲಿಖಿತವಾಗಿ ಕೇಳಿ. ದೇವರ ಗೊಂಬೆಗೆ ಜಿಂಕೆ ಚರ್ಮ ಬಳಸೋರು ಅಂತ ಕೇಳಿದ್ದೀನಿ, ಅದಕ್ಕೇ ಹೇಳ್ತಿರೋದು.

ಇದರ ಜೊತೆಗೆ, 100 ವರ್ಷ ದಾಟಿದ ಕಲಾವಸ್ತುಗಳಿಗೆ ಅದೇ 1972ರ ಇನ್ನೊಂದು ಕಾಯ್ದೆ ಇದೆ, ಪುರಾತನ ವಸ್ತುಗಳದ್ದು. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ. ವ್ಯಾಪಾರಿ ರಾವಣ ಒಬ್ಬನನ್ನೇ ಕೇಳ್ತಿದ್ದಾನೆ ಅಂದರೆ ಯಾವುದೋ ಡ್ರಾಯಿಂಗ್ ರೂಮಿನ ಗೋಡೆಗೆ ಅಂತಲೇ ಲೆಕ್ಕ. ಮೇಳ ಒಡೆದರೆ ಉಳಿದ ಗೊಂಬೆಗಳಿಗೆ ಬೆಲೆ ಇರಲ್ಲ.

—

ಉತ್ತರ: ಹಳೇ ಉಗ್ರಾಣ

ನಾನು ಒಂದು ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಯಾವುದು ಅಂತ ಹೇಳಲ್ಲ, ಅಲ್ಲಿ ಈಗಲೂ ನನ್ನ ಗೆಳತಿಯರಿದ್ದಾರೆ.

ಮೊದಲು ಎಣ್ಣೆ ವಿಚಾರ. ಅಮ್ಮನವರಿಗೆ ಕೈ ಮುಗಿದು ಕೇಳ್ಕೊಳ್ತೀನಿ, ಬೇಡ. ಎಣ್ಣೆ ಹಾಕಿದ ಮೊದಲ ದಿನ ಗೊಂಬೆ ಹೊಳೆಯುತ್ತೆ. ಆಮೇಲೆ ಧೂಳು ಹಿಡಿದು ಬಣ್ಣ ಮಂಕಾಗುತ್ತೆ, ಹುಳಕ್ಕೆ ದಾರಿ ಆಗುತ್ತೆ. ಸುರುಟಿಕೊಂಡದ್ದನ್ನು ಬಲವಂತವಾಗಿ ಬಿಡಿಸಬೇಡಿ, ಮಡಿಕೆ ಇದ್ದಲ್ಲಿ ಬಣ್ಣ ಉದುರುತ್ತೆ. ಒಗೆದು ಗಂಜಿ ಬಿಟ್ಟ ಹಳೇ ಕಾಟನ್ ಪಂಚೆ ಇದೆಯಲ್ಲ, ಅದನ್ನು ನಡುವೆ ಹಾಸಿ ಗೊಂಬೆಗಳನ್ನು ಮಟ್ಟಸವಾಗಿ ಮಲಗಿಸಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಬೂಸು ಬರುತ್ತೆ. ನುಸಿ ಗುಳಿಗೆಯನ್ನು ತೊಗಲಿಗೆ ತಾಗಿಸಬೇಡಿ. ಬಿಸಿಲಿಗೆ ಒಣಹಾಕೋದಂತೂ ಬೇಡವೇ ಬೇಡ.

ಇನ್ನು ವಿಶ್ವವಿದ್ಯಾಲಯ. ಚೆನ್ನಾಗಿ ಇಟ್ಟುಕೊಳ್ತಾರಾ ಅಂತ ಕೇಳಿದ್ದೀರಿ. ಇಷ್ಟಪಟ್ಟು ಇಟ್ಟುಕೊಳ್ತಾರೆ. ಆದರೆ ಇಷ್ಟ ಇರೋದು ಒಬ್ಬ ಪ್ರೊಫೆಸರ್‌ಗೆ, ಗೊಂಬೆ ಇರೋದು ವಿಭಾಗದಲ್ಲಿ. ಅವರು ನಿವೃತ್ತಿ ಆದ ಮಾರನೇ ದಿನ ಬೀಗದ ಕೈ ಯಾರ ಹತ್ತಿರ ಹೋಗುತ್ತೆ ಅಂತ ಕೇಳಿದ್ದೀರಾ?

ನಮ್ಮಲ್ಲಿ ನಡೆದದ್ದು ಹೇಳ್ತೀನಿ. ನಾನು ಚಾರ್ಜ್ ತಗೊಂಡಾಗ ಗೊಂಬೆಗಳೆಲ್ಲ ಡೆಡ್ ಸ್ಟಾಕ್ ರಿಜಿಸ್ಟರ್‌ನಲ್ಲಿ, ಅಂದರೆ ಕಚೇರಿ ಪೀಠೋಪಕರಣ ಬರೆಯೋ ಪುಸ್ತಕದಲ್ಲಿ ಇದ್ದವು. ಗಾಡ್ರೇಜ್ ಬೀರು, ಟೀಪಾಯಿ, ಅದರ ಕೆಳಗಿನ ಸಾಲಿನಲ್ಲಿ ‘ಚರ್ಮದ ಗೊಂಬೆ, 12’. ಯಾವ ಗೊಂಬೆ, ಯಾವ ಊರು, ಯಾರಿಂದ ಬಂತು, ಏನೂ ಇಲ್ಲ. ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರು ಎಣಿಸಿ, 12 ಇದ್ದರೆ ಸರಿ ಅಂತ ಸಹಿ ಹಾಕಿ ಹೋಗೋರು. ಸೀತೆ ಹೋಗಿ ಆ ಜಾಗಕ್ಕೆ ಅಂಗಡಿಯಿಂದ ತಂದ ಲ್ಯಾಂಪ್ ಶೇಡ್ ಗೊಂಬೆ ಬಂದಿದ್ದರೂ 12 ಹನ್ನೆರಡೇ. ಗೊಂಬೆಗಳ ಬೆನ್ನ ಮೇಲೆ ಬಾಲ್ ಪೆನ್ನಿನಲ್ಲಿ ನಂಬರ್ ಬರೆದಿದ್ದರು. ಎರಡು ಗಾಜಿನ ನಡುವೆ ಸಿಕ್ಕಿಸಿ, ಅಂಚಿಗೆ ಟೇಪ್ ಸುತ್ತಿ, ಹಿಂದೆ ಟ್ಯೂಬ್‌ಲೈಟ್ ಹಾಕಿದ್ದರು. ನೋಡೋಕೆ ಬಹಳ ಚೆಂದ. ಅದೇ ಬೆಳಕಲ್ಲಿ ವರ್ಷಗಟ್ಟಲೆ ಇದ್ದು ಹಳದಿ ಬಣ್ಣ ಪೂರ್ತಿ ಹೋಗಿತ್ತು. ಇಂಥ ಬಣ್ಣದ ವಸ್ತುಗಳಿಗೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ ಅನ್ನೋದು ಸಂಗ್ರಹಾಲಯಗಳಲ್ಲಿ ನಡೆದುಬಂದ ಲೆಕ್ಕ. ಅದೂ ದಿನವೆಲ್ಲ ಅಲ್ಲ, ನೋಡುವವರು ಬಂದಾಗ ಮಾತ್ರ.

ಹಾಗಂತ ಕೊಡಲೇಬೇಡಿ ಅನ್ನೋಳಲ್ಲ ನಾನು. ಮೈಸೂರು ವಿಶ್ವವಿದ್ಯಾಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಕಟ್ಟದೇ ಹೋಗಿದ್ದರೆ ಸೋಮನ ಕುಣಿತದ ಎಷ್ಟು ಮುಖವಾಡ, ಎಷ್ಟು ಗೊಂಬೆ ಒಲೆಗೆ ಹೋಗಿರೋವೋ. ಪಿ.ಆರ್. ತಿಪ್ಪೇಸ್ವಾಮಿ ಸ್ವತಃ ಚಿತ್ರಕಾರರು. ಊರೂರು ಅಲೆದು ವಸ್ತು ತಂದರು. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಜೊತೆಗಿದ್ದರು, ಸಾಹಿತಿ ದೇ. ಜವರೇಗೌಡರು ಬೆನ್ನಿಗಿದ್ದರು. 1905ರಲ್ಲಿ ಒಬ್ಬ ರಾಜಕುಮಾರಿಗೆ ಅಂತ ಕಟ್ಟಿಸಿದ ಜಯಲಕ್ಷ್ಮಿ ವಿಲಾಸ ಅರಮನೆಯೊಳಗೆ ಹಳ್ಳಿಯ ಗೊಂಬೆ, ಕೊಳಗ, ಮುಖವಾಡ ಹೋಗಿ ಕೂತವು ಅಂದರೆ ಸಣ್ಣ ಮಾತಲ್ಲ. ಬೆಂಗಳೂರಲ್ಲಿ ಚಿತ್ರಕಲಾ ಪರಿಷತ್ತಿಗೆ ಎಂ.ಎಸ್. ನಂಜುಂಡರಾಯರು ತೊಗಲು ಗೊಂಬೆ ಕೂಡಿಸಿದ್ದೂ ಇದೇ ಥರದ ಹಟದಿಂದ. ಈಗ ಶಿಗ್ಗಾವಿ ಹತ್ತಿರ ಗೊಟಗೋಡಿಯಲ್ಲಿ ಜಾನಪದಕ್ಕೇ ಅಂತ ಒಂದು ವಿಶ್ವವಿದ್ಯಾಲಯ ಇದೆ. ಜಾಗ ಇಲ್ಲ ಅನ್ನೋ ಕಾಲ ಹೋಯ್ತು. ಕಾಗದ ಸರಿ ಇಲ್ಲ ಅನ್ನೋದು ಮಾತ್ರ ಹೋಗಿಲ್ಲ.

ಅದಕ್ಕೇ ಕೊಡುವ ಮುಂಚೆ ಕಾಗದ ಸರಿ ಮಾಡಿಸಿ. ಸಂಗ್ರಹಕ್ಕೆ ಬಂದ ವಸ್ತು ದಾಖಲಿಸೋಕೆ ಅಕ್ಸೆಷನ್ ರಿಜಿಸ್ಟರ್ ಅಂತ ಬೇರೆ ಪುಸ್ತಕ ಇದೆಯಾ ಕೇಳಿ. ಒಂದೊಂದು ಗೊಂಬೆಗೂ ಒಂದೊಂದು ನಂಬರ್, ಹಿಂದಿನ ಮುಂದಿನ ಫೋಟೊ, ಅಳತೆ, ತೇಪೆ ಎಲ್ಲಿದೆ, ತೂತು ಎಲ್ಲಿ ಹರಿದಿದೆ, ಎಲ್ಲ ಬರೀಬೇಕು. ನಂಬರನ್ನು ಬಟ್ಟೆ ಪಟ್ಟಿಯ ಮೇಲೆ ಬರೆದು ಕಡ್ಡಿಗೆ ಕಟ್ಟಬೇಕು, ತೊಗಲಿನ ಮೇಲೆ ಬರೆಯೋ ಹಾಗಿಲ್ಲ. ಪೆಟ್ಟಿಗೆಯನ್ನೂ ಕೊಡಿ. ತುಂಬಾ ಜನ ಗೊಂಬೆ ಇಟ್ಟುಕೊಂಡು ಪೆಟ್ಟಿಗೆ ಬಿಸಾಡ್ತಾರೆ. ಒಳಗೆ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಅನ್ನೋದನ್ನೂ ಬರೆದಿಡಿ.

ಮತ್ತೆ ತಾತನ ಲೆಕ್ಕದ ಪುಸ್ತಕ ಇದೆ ಅಂದಿರಲ್ಲ. ಆ ಪುಟ ಗೊಂಬೆಗಳಷ್ಟೇ ಮುಖ್ಯ. ತಾರೀಖು ಇದೆಯಾ?

—

ಲೆಕ್ಕದ ಮೇಷ್ಟ್ರು

ತಾರೀಖು ಇಲ್ಲ ಮೇಡಂ. ಸಂವತ್ಸರದ ಹೆಸರಿದೆ, ಆದರೆ ಅಲ್ಲೇ ಇಲಿ ಕಡಿದಿದೆ. ಮೊದಲ ಎರಡು ಅಕ್ಷರ ಉಳಿದಿವೆ, ‘ವಿಕೃ’ ಇರಬೇಕು. ವಿಕೃತಿ ಆದರೆ 1950-51. ಪೆಟ್ಟಿಗೆ ಆಗಲೇ ಖಾಲಿ ಮಾಡಿಬಿಟ್ಟಿದ್ದೆವು. ಎಲ್ಲಕ್ಕಿಂತ ಮೇಲೆ ಗಣಪತಿ ಇದ್ದದ್ದು ಮಾತ್ರ ಅಮ್ಮನಿಗೆ ನೆನಪಿದೆ, ತೆಗೆದು ದೇವರ ಮನೆಯಲ್ಲಿ ಇಟ್ಟಿದ್ದಾರೆ. ಕುಂಕುಮ ಹಚ್ಚಬೇಡ ಅಂತ ಹೇಳಿದ್ದೀನಿ.

—

ಉತ್ತರ: ಬಂಗಾರಕ್ಕನ ಮೊಮ್ಮಗ

ಸರ್, ನಾನು ಕಿಳ್ಳೇಕ್ಯಾತರ ಹುಡುಗ, ನೀವು ಗೊಂಬೆರಾಮರು ಅಂದಿರಲ್ಲ, ಅದೇ ಗೊಂಬೆ ಆಡಿಸೋ ಜನ. ಬೆಂಗಳೂರಲ್ಲಿ ಡೆಲಿವರಿ ಕೆಲಸ. ನಮ್ಮ ಮುತ್ತಾತನ ಮೇಳ ಹಾಸನ, ತುಮಕೂರು ಕಡೆ ಆಡೋದು. ನಿಮ್ಮದು ಅವರ ಪೆಟ್ಟಿಗೆನೇ ಅಂತ ಹೇಳ್ತಿಲ್ಲ, ಗಾಬರಿ ಆಗಬೇಡಿ.

ಒತ್ತೆ ಇಡೋದು ನಮ್ಮ ಕಡೆ ಎಲ್ಲ ಮನೆಯಲ್ಲೂ ಕೇಳಿದ ಕಥೆ. ಮಳೆ ಬರಲಿಲ್ಲ ಅಂದರೆ ಊರವರೇ ಕರೆಸಿ ಆಟ ಆಡಿಸೋರು, ಆಡಿಸಿದರೆ ಮಳೆ ಬರುತ್ತೆ ಅಂತ. ಹಾಗೂ ಬರದೇ ಹೋದರೆ ಆಟ ಕರೆಸೋಕೂ ಯಾರ ಹತ್ತಿರವೂ ಕಾಸಿರಲ್ಲ. ಆಗ ಕೆರೆಯಲ್ಲಿ ಮೀನು ಹಿಡಿಯೋದು. ಕೆರೆಯೂ ಒಣಗಿದರೆ ಪೆಟ್ಟಿಗೆ ಒಂದೇ ಗತಿ. ನಿಮ್ಮ ತಾತ ರಾಗಿ ಕೊಟ್ಟರು, ನಮ್ಮೋರು ಉಂಡರು. ಅದರಲ್ಲಿ ಯಾರದ್ದೂ ಮಾನ ಹೋಗೋದು ಏನಿಲ್ಲ. ಬರೀರಿ ಅದನ್ನ. ದಾನ ಅನ್ನಬೇಡಿ, ‘ಇಂಥ ಬರದಲ್ಲಿ ಇಷ್ಟು ಸೇರು ರಾಗಿಗೆ ಒತ್ತೆ ಬಂದದ್ದು’ ಅಂತಲೇ ಗೋಡೆ ಮೇಲೆ ಹಾಕ್ಸಿ. ನೋಡಿದ ಹುಡುಗರಿಗೆ ರಾವಣನಿಗಿಂತ ಅದೇ ನೆನಪಿರುತ್ತೆ.

‘ಕಲಾವಿದ ತಿಳಿದಿಲ್ಲ’ ಅನ್ನೋದು ನೋಡಿ ನಗು ಬಂತು. ಗೊಂಬೆ ಒಬ್ಬ ಮಾಡಲ್ಲ ಸರ್. ಮುತ್ತಾತ ತೊಗಲು ಹದ ಮಾಡಿ ಉಳಿಯಲ್ಲಿ ತೂತು ಹೊಡೆದಿರ್ತಾನೆ, ಅವನ ಹೆಂಡತಿ ಬಣ್ಣ ತುಂಬಿರ್ತಾಳೆ, ಹರಿದಾಗ ಮಗ ತೇಪೆ ಹಾಕಿರ್ತಾನೆ, ಮೊಮ್ಮಗ ಹೊಸ ಕಡ್ಡಿ ಕಟ್ಟಿರ್ತಾನೆ. ಹನುಮಂತನಿಗೆ ತೇಪೆ ಜಾಸ್ತಿ ಯಾಕೆ ಅಂದರೆ ಯುದ್ಧದಲ್ಲಿ ಪರದೆಗೆ ಬಡಿಯೋದು ಅವನೇ. ಒಬ್ಬನ ಹೆಸರು ಗೊತ್ತಿಲ್ಲ, ಸರಿ. ಜನ ಯಾರು ಅಂತ ಗೊತ್ತಲ್ಲ? ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತ ಬರೆಯೋಕೆ ಏನು ಕಷ್ಟ? ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರಲ್ಲೇ ಕುಲ ಇದೆ. ದೆಹಲಿಯ ಪಟ್ಟಿಯಲ್ಲಿ ಬಂದದ್ದು ಚೀಟಿಯಲ್ಲಿ ಬರಬಾರದಾ?

ಇನ್ನೊಂದು. ಪ್ರೊಫೆಸರ್‌ಗಳು ಗೊಂಬೆಯ ಮುಂದುಗಡೆ ಮಾತ್ರ ಫೋಟೊ ತೆಗೀತಾರೆ. ನಮ್ಮೋರು ನೋಡೋದು ಕಣ್ಣು, ಸೊಂಟದ ಪಟ್ಟಿ, ತೂತಿನ ಸಾಲು. ಉಳಿ ಮನೆಮನೆಗೆ ಬೇರೆ. ಅಜ್ಜಿ ಹತ್ತಿರ ಒಂದು ಅರ್ಧಚಂದ್ರದ ಉಳಿ ಇದೆ, ಅದರ ಬಾಯಿಯ ಒಂದು ಕಡೆ ಚಿಕ್ಕ ಮುರುಕು. ಅದರಿಂದ ಹೊಡೆದ ತೂತನ್ನೆಲ್ಲ ಬೆರಳಲ್ಲೇ ಮುಟ್ಟಿ ಹೇಳ್ತಾಳೆ. ನಿಮ್ಮ ರಾವಣನ ಕಿರೀಟದ ಅಂಚನ್ನು ಹತ್ತಿರದಿಂದ ತೆಗೆದು ಹಾಕಿ. ಹಿಂದುಗಡೆದೂ.

ಗೊಂಬೆ ವಾಪಸ್ ಕೊಡಿ ಅಂತ ಕೇಳೋಕೆ ಬಂದವನಲ್ಲ. ಒಂದು ರೂಮಿನ ಬಾಡಿಗೆ ಮನೆ ನಮ್ಮದು, ಎಲ್ಲಿ ಇಡಲಿ? ನಾನು ಕೇಳೋದು ಒಂದೇ. ಅಲ್ಲಿಗೆ ಹೋದ ಮೇಲೆ ನಮ್ಮೋರು ಬಂದರೆ ಬೀರು ತೆಗೆಯಬೇಕು. ಮೇಲೆ ಪೇಪರ್ ಇಟ್ಟು ನಕಲು ತೆಗೆದುಕೊಳ್ಳೋಕೆ ಬಿಡಬೇಕು. ಈಗ ಆಡೋ ಮೇಳಗಳಲ್ಲಿ ಎಷ್ಟೋ ಪಾತ್ರದ ಗೊಂಬೆ ಇಲ್ಲವೇ ಇಲ್ಲ, ಹಳೇದು ನೋಡಿ ಕೊರೆಯೋಣ ಅಂದರೆ ಎಲ್ಲ ಗಾಜಿನೊಳಗೆ. ನಾನು ಒಂದು ಕಡೆ ಅಜ್ಜಿಯನ್ನು ಕರ್ಕೊಂಡು ಹೋಗಿದ್ದೆ. ಶನಿವಾರ ಇನ್‌ಚಾರ್ಜ್ ಇಲ್ಲ, ಸೋಮವಾರ ಪತ್ರ ತನ್ನಿ ಅಂದರು. ಸೋಮವಾರ ನನಗೆ ರಜ ಇಲ್ಲ.

ನಿಮ್ಮ ಪೆಟ್ಟಿಗೆಯ ತಳದಲ್ಲಿ ಆಟದಲ್ಲಿ ನಗಿಸೋ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಇದ್ದರಾ? ಗಂಡ ದಪ್ಪ ತುಟಿ, ಹೆಂಡತಿ ಸೊಂಟಕ್ಕೆ ಕೈ ಇಟ್ಟಿರ್ತಾಳೆ. ನಮ್ಮ ಮನೆಯಲ್ಲಿ ಗಣಪತಿ ಮೇಲೆ, ಅವರಿಬ್ಬರು ಕೆಳಗೆ. ಪೋಲಿ ಮಾತಾಡೋರನ್ನು ದೇವರ ಪಕ್ಕ ಇಡಲ್ಲ.

—

ಲೆಕ್ಕದ ಮೇಷ್ಟ್ರು

ಇದ್ದಾರೆ! ದಪ್ಪ ತುಟಿಯವನು ಯಾವನೋ ರಾಕ್ಷಸ ಅಂದುಕೊಂಡು ಪ್ರೊಫೆಸರ್ ಪಟ್ಟಿಯಲ್ಲಿ ‘ಅಸುರ (?)’ ಅಂತ ಬರೆದಿದ್ದಾರೆ. ಹೆಂಡತಿಯನ್ನು ‘ದಾಸಿ’ ಅಂತ ಬರೆದಿದ್ದಾರೆ. ಕಿರೀಟದ ಫೋಟೊ, ಬೆನ್ನಿನ ಫೋಟೊ ಹಾಕಿದ್ದೀನಿ, ನೋಡಪ್ಪ. ಅಜ್ಜಿಗೂ ತೋರಿಸು.

—

ಉತ್ತರ: ಹೊರನಾಡಿಗ

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಬೀರು ತೆಗೀತೀವಿ, ನಕಲು ತೆಗೆಯೋಕೆ ಬಿಡ್ತೀವಿ ಅಂತ ಹೋದರೆ ವಸ್ತು ಉಳಿಯುತ್ತಾ? ಹಪ್ಪಳದ ಥರ ಆಗಿದೆ ಅಂತ ಮೇಷ್ಟ್ರೇ ಹೇಳಿದ್ದಾರೆ. ಒಳ್ಳೆ ಸ್ಕ್ಯಾನ್ ಮಾಡಿ ಆನ್‌ಲೈನ್ ಹಾಕಿದರೆ ಸಾಕಲ್ವಾ? ಎಲ್ಲರಿಗೂ ಸಿಗುತ್ತೆ.

—

ಹಳೇ ಉಗ್ರಾಣ

ಸ್ಕ್ಯಾನ್ ಬೇಕು. ಸ್ಕ್ಯಾನ್ ಇದೆ ಅಂತ ಬಾಗಿಲು ಹಾಕೋದು ಬೇಡ. ತೊಗಲು ಎಲ್ಲಿ ತೆಳ್ಳಗೆ ಹೆರೆದಿದ್ದಾರೆ, ಎಲ್ಲಿ ದಪ್ಪ ಬಿಟ್ಟಿದ್ದಾರೆ ಅನ್ನೋದು ಫೋಟೊದಲ್ಲಿ ಕಾಣಲ್ಲ. ಬೆಳಕು ಎಲ್ಲಿ ಹಾಯಬೇಕು ಅಂತ ತೀರ್ಮಾನ ಮಾಡೋದು ಅದೇ. ನೇರವಾಗಿ ಪೇಪರ್ ಇಟ್ಟು ತಿಕ್ಕೋದು ಬೇಡ, ಅದನ್ನು ಹುಡುಗನಿಗೂ ಹೇಳ್ತೀನಿ. ಮೇಲೆ ಪಾರದರ್ಶಕ ಹಾಳೆ ಹಾಸಿ, ಭಾರ ಬೀಳದ ಹಾಗೆ, ಮೆತ್ತನೆ ಪೆನ್ಸಿಲ್‌ನಲ್ಲಿ ಗೆರೆ ಎತ್ತಬಹುದು. ಪಕ್ಕದಲ್ಲಿ ಸಂಗ್ರಹಾಲಯದವರು ಒಬ್ಬರು ಇರಬೇಕು. ಸುರುಟಿಕೊಂಡವನ್ನು ಮುಟ್ಟೋದು ಬೇಡ, ಗಟ್ಟಿ ಇರೋವು ಸಾಕು. ಮುಟ್ಟಿದರೆ ಹಾಳಾಗುತ್ತೆ ಅಂತ ನಾವು ಹೇಳೋದು ಗೊಂಬೆ ಮಾಡುವವರಿಗೇ! ನಮ್ಮ ಟ್ಯೂಬ್‌ಲೈಟ್ ಮಾಡಿದಷ್ಟು ಹಾಳು ಅವರ ಯಾವ ಕೈಯೂ ಮಾಡಿಲ್ಲ.

ಮೇಷ್ಟ್ರೇ, ಆ ಪಟ್ಟಿಗೆ ಸಹಿ ಹಾಕಬೇಡಿ. ಅಸುರ ಅಂತ ಒಮ್ಮೆ ರಿಜಿಸ್ಟರ್‌ಗೆ ಹೋದರೆ ತಿದ್ದಿಸೋಕೆ ನಿಮ್ಮ ಆಯುಷ್ಯ ಸಾಲಲ್ಲ.

—

ಬಂಗಾರಕ್ಕನ ಮೊಮ್ಮಗ

ಅಜ್ಜಿಗೆ ತೋರಿಸಿದೆ. ತೂತು ನಮ್ಮ ಉಳಿಯದ್ದಲ್ಲ ಅಂದಳು. ಆದರೆ ಸೊಂಟದ ಪಟ್ಟಿಯಲ್ಲಿ ಮೂರು ಎಳೆ ಎಳೆದಿರೋದು ನೋಡಿ, ಈ ಕೆಲಸದ ಮನೆ ನಾಗಮಂಗಲ ಕಡೆ ಒಂದಿತ್ತು, ಅವರು ಆಮೇಲೆ ಕೆಆರ್‌ಎಸ್ ಹಿನ್ನೀರಿಗೆ ಮೀನು ಹಿಡಿಯೋಕೆ ಹೋದರು ಅಂದಳು. ಅವರ ಸಂಬಂಧಿಕರು ಒಬ್ಬರ ನಂಬರ್ ಸಿಗಬಹುದು. ಮೆಸೇಜ್‌ನಲ್ಲಿ ಕಳಿಸ್ತೀನಿ, ಇಲ್ಲಿ ಹಾಕಲ್ಲ.

ಹಳದಿ ಬಣ್ಣ ಹೋಗಿದ್ದಕ್ಕೆ ಅಜ್ಜಿ ಟ್ಯೂಬ್‌ಲೈಟ್‌ನವರಿಗೆ ಬೈದಳು. ಏನಂದಳು ಅಂತ ಬರೆದರೆ ನನ್ನ ಅಕೌಂಟ್ ಹೋಗುತ್ತೆ.

—

ಲೆಕ್ಕದ ಮೇಷ್ಟ್ರು

ಇಲ್ಲಿವರೆಗೆ ಆದದ್ದು ಹೇಳ್ತೀನಿ. ತಮ್ಮ ಒಪ್ಪಿದ. ಲಾಯರ್ ಸಾಹೇಬರ ಜಿಂಕೆ ಮಾತು ಕೆಲಸ ಮಾಡಿತು, ಕಲೆಯ ಮೇಲಿನ ಪ್ರೀತಿ ಅಂತ ತಿಳೀಬೇಡಿ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದೀನಿ.

ಪ್ರೊಫೆಸರ್ ಹತ್ತಿರ ಮಾತಾಡಿದೆ. ಅಸುರನ ವಿಷಯ ಹೇಳಿದ ಕೂಡಲೇ ಪಟ್ಟಿ ತಿದ್ದಿದರು, ಒಂಚೂರೂ ಬಿಂಕ ಇಲ್ಲ. ಚೀಟಿಯಲ್ಲಿ ಸಮುದಾಯದ ಹೆಸರು, ಒತ್ತೆಯ ವಿಷಯ, ರಾಗಿಯ ಲೆಕ್ಕ ಎಲ್ಲ ಹಾಕೋಕೆ ಒಪ್ಪಿದ್ದಾರೆ. ದಾನಿ ಅಂತ ತಾತನ ಹೆಸರು ಬೇಡ ಅಂದೆ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು, ಈಗ ಸರಿ ಹೋಗಿದ್ದಾರೆ. ಗಣಪತಿ ಮಾತ್ರ ದೇವರ ಮನೆಯಿಂದ ಇಳಿದಿಲ್ಲ. ಮೇಳ ಒಡೆಯಬಾರದು ಅಂತ ನೀವೆಲ್ಲ ಹೇಳಿದ್ದನ್ನು ಓದಿ ಹೇಳಿದರೂ ‘ನೋಡೋಣ’ ಅಂತಾರೆ.

ಹಿನ್ನೀರಿನ ಕಡೆಯವರ ಜೊತೆ ಫೋನಲ್ಲಿ ಮಾತಾಡಿದೆ. ಭಾನುವಾರ ಬರ್ತಾರೆ, ಅವರು ನೋಡುವ ತನಕ ಏನಕ್ಕೂ ಸಹಿ ಹಾಕಲ್ಲ. ಅವರೇ ಬೇಕು ಅಂದರೆ ಅವರಿಗೇ. ವಿಶ್ವವಿದ್ಯಾಲಯದ ಕಡೆಯಿಂದ ಸಿಕ್ಕಿಹಾಕಿಕೊಂಡಿರೋದು ಒಂದೇ ಕಡೆ. ಸಮುದಾಯದವರು ಬಂದರೆ ನೋಡೋಕೆ ಕೊಡ್ತೀವಿ ಅಂತ ಬಾಯಲ್ಲಿ ಹೇಳ್ತಾರೆ, ದಾನಪತ್ರದಲ್ಲಿ ಬರೆಯೋಕೆ ರಿಜಿಸ್ಟ್ರಾರ್ ಕಚೇರಿ ಒಪ್ಪಲ್ಲವಂತೆ. ದಾನಕ್ಕೆ ಷರತ್ತು ಹಾಕೋ ಹಾಗಿಲ್ಲ ಅಂತ. ಇದಕ್ಕೇನಾದರೂ ದಾರಿ ಇದೆಯಾ?

—

ಹಳೇ ಉಗ್ರಾಣ

ಇದೆ. ದಾನ ಬೇಡ, ದೀರ್ಘಾವಧಿ ಎರವಲು ಅಂತ ಕೊಡಿ. 5 ವರ್ಷಕ್ಕೊಮ್ಮೆ ನವೀಕರಣ. ವಸ್ತು ನಿಮ್ಮದಾಗಿಯೋ ಹಿನ್ನೀರಿನವರದ್ದಾಗಿಯೋ ಇರುತ್ತೆ, ಷರತ್ತನ್ನೂ ನೀವೇ ಬರೀಬಹುದು. ನಾವು ಬಳಸುತ್ತಿದ್ದ ಒಂದು ನಮೂನೆ ಮೆಸೇಜ್‌ನಲ್ಲಿ ಕಳಿಸಿದ್ದೀನಿ. ಎರಡನೇ ಪುಟದಲ್ಲಿ ‘ಕಚೇರಿ ವೇಳೆಯಲ್ಲಿ, ಪೂರ್ವಾನುಮತಿಯೊಂದಿಗೆ’ ಅಂತ ಒಂದು ಸಾಲಿದೆ, ಅದನ್ನು ಹೊಡೆದು ಹಾಕಿ. ‘ಭಾನುವಾರವೂ ಸೇರಿ, ಒಂದು ವಾರ ಮುಂಚೆ ಫೋನ್ ಮಾಡಿದರೆ ಸಾಕು’ ಅಂತ ಬರೆಸಿ. ಲಾಯರ್ ಸಾಹೇಬರೇ, ಒಮ್ಮೆ ಕಣ್ಣಾಡಿಸ್ತೀರಾ?

—

ಪ್ಯಾಟೆ ಲಾಯರು

ಕಳಿಸಿ ಮೇಡಂ. ಫೀಸು ಬೇಡ, ಆಟ ಆಡಿಸಿದಾಗ ಮುಂದಿನ ಸಾಲಲ್ಲಿ ಚಾಪೆ ಹಾಕ್ಸಿ.